ಮಕ್ಕಳು ಮಲಗಿದ ಮೇಲೆ ಶುರುವಾಗುವ ನಾಟಕ

ಜನವರಿ ಮೊದಲ ವಾರ. ನಾವಿರುವ ಇಂಗ್ಲೆಂಡಿನ ಶೆಫೀಲ್ಡಿನ ಲೈಸಿಯಂ ಥಿಯೇಟರಿನಲ್ಲಿ ಈ ಸಲದ ಪ್ಯಾಂಟೊಮೈಮ್, ಅಂದರೆ ಕ್ರಿಸ್‌ಮಸ್ ಹೊತ್ತಿಗೆ ಮನೆ ಮಂದಿಗೆಲ್ಲ ಆಡುವ ಹಾಡು-ಹಾಸ್ಯದ ನಾಟಕ, ಇನ್ನೇನು ಮುಗಿಯುವುದರಲ್ಲಿತ್ತು. ಅಷ್ಟರಲ್ಲೇ ಮುಂದಿನ ಡಿಸೆಂಬರಿನ ಆಟಕ್ಕೆ ಟಿಕೆಟ್ ತೆಗೆದುಕೊಳ್ಳಿ ಅಂತ ಇಮೇಲ್ ಬಂತು. ಯಾವ ಕಥೆ, ಯಾವ ದಿನ, ಎಷ್ಟು ಗಂಟೆಗೆ, ಯಾವ ಸಾಲಿನಲ್ಲಿ ಸೀಟಿದೆ, ಎಲ್ಲವೂ ಇತ್ತು. ಅದೇ ದಿನ ತುಮಕೂರಿನ ನಮ್ಮ ಚಿಕ್ಕಪ್ಪ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಆಹ್ವಾನ ಪತ್ರಿಕೆ ಹಾಕಿದರು. ಮಕ್ಕಳ ನಾಟಕ, ಜೊತೆಗೆ ಜನಪದ ಗೀತೆಗಳು. 'ಇಂದು ಸಂಜೆ 5.30ಕ್ಕೆ' ಅಂತಿತ್ತು. ಅವರು ಹಾಕುವ ಹೊತ್ತಿಗೆ ಅಲ್ಲಿ ಐದು ಗಂಟೆ.

ಪತ್ರಿಕೆಯನ್ನು ದೊಡ್ಡದು ಮಾಡಿ ನೋಡಿದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತಿ. ಅಷ್ಟೂ ಜನರ ಫೋಟೋ ಇತ್ತು. ನಾಟಕದ ಹೆಸರು ಕೆಳಗಿನ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಬರೆದವರು ಯಾರು, ಆಡಿಸಿದವರು ಯಾರು ಅಂತ ಇರಲೇ ಇಲ್ಲ.

"ಮೊದಲೇ ಹಾಕಬಾರದಾ ಚಿಕ್ಕಪ್ಪ? ಅಲ್ಲಿರೋ ಮಕ್ಕಳಾದ್ರೂ ಹೋಗ್ತಿದ್ರು" ಅಂದೆ.

"ನಂಗೇ ಈಗ ಬಂತು ಕಣೋ" ಅಂದರು.

ಇಲ್ಲಿನ ಪ್ಯಾಂಟೊ ದೊಡ್ಡ ಕಲೆ ಅಂತೇನೂ ನಾನು ಹೇಳುವುದಿಲ್ಲ. ಕಥೆ ಎಲ್ಲರಿಗೂ ಗೊತ್ತಿರುವುದೇ, ಸಿಂಡರೆಲ್ಲಾನೋ ಅಲ್ಲಾದೀನನೋ. ಜೋಕುಗಳು ಹಳಸಲು. ದಪ್ಪ ಗಂಡಸೊಬ್ಬ ಬಣ್ಣಬಣ್ಣದ ಗೌನು, ಮಾರುದ್ದದ ವಿಗ್ ಹಾಕಿಕೊಂಡು ಹೆಂಗಸಿನ ಪಾತ್ರ ಮಾಡುತ್ತಾನೆ. ಅವನಿಗೆ ಡೇಮ್ ಅನ್ನುತ್ತಾರೆ. ಖಳ ಬಂದರೆ ಎಲ್ಲರೂ ಬೂ ಅನ್ನಬೇಕು. ಭೂತ ಬಂದು ಬೆನ್ನ ಹಿಂದೆ ನಿಂತರೆ 'ನಿನ್ನ ಹಿಂದೇನೇ ಇದೆ' ಅಂತ ಇಡೀ ಥಿಯೇಟರ್ ಕಿರುಚಬೇಕು. ಕೊನೆಯಲ್ಲಿ ಹಾಡು ಬರೆದ ಪರದೆ ಇಳಿಯುತ್ತದೆ. ಎಡಗಡೆಯವರು ಒಂದು ಸಲ, ಬಲಗಡೆಯವರು ಒಂದು ಸಲ, ಪೈಪೋಟಿಯ ಮೇಲೆ ಹಾಡಬೇಕು. ಮೊದಲ ಸಲ ನೋಡಿ ಬಂದಾಗ ನಮ್ಮ ಮಗಳು ಗಂಟಲು ಕಟ್ಟಿಸಿಕೊಂಡಿದ್ದಳು.

ಆದರೆ ಅವರು ಹೊತ್ತಿಗೆ ಕೊಡುವ ಬೆಲೆ ನೋಡಿ. ಮಧ್ಯಾಹ್ನ ಒಂದು ಆಟ, ಸಂಜೆ ಒಂದು ಆಟ. ಎಷ್ಟು ಹೊತ್ತಿಗೆ ಮಧ್ಯಂತರ, ಎಷ್ಟು ಹೊತ್ತಿಗೆ ಮುಕ್ತಾಯ ಅಂತ ಬಾಗಿಲಲ್ಲೇ ಹಾಕಿರುತ್ತಾರೆ. ಮಧ್ಯಂತರಕ್ಕೆ ಐಸ್‌ಕ್ರೀಮ್ ತಟ್ಟೆ ಹಿಡಿದವರು ಒಳಗೇ ಬರುತ್ತಾರೆ. ಕತ್ತಲೆ, ದೊಡ್ಡ ಸದ್ದು ತಡೆಯದ ಮಕ್ಕಳಿಗೆ ಅಂತಲೇ ಬೇರೆ ಆಟ ಇಡುತ್ತಾರೆ. ಅವತ್ತು ದೀಪ ಪೂರ್ತಿ ಆರಿಸುವುದಿಲ್ಲ, ಸದ್ದು ತಗ್ಗಿಸುತ್ತಾರೆ, ಮಗು ನಡುವೆ ಎದ್ದು ಓಡಾಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಇದೇನು ಧರ್ಮಕಾರ್ಯ ಅಲ್ಲ. ಎಷ್ಟೋ ಊರುಗಳ ಥಿಯೇಟರುಗಳು ಈ ಕ್ರಿಸ್‌ಮಸ್ ರಜೆಯ ಗಳಿಕೆಯನ್ನು ನಂಬಿಕೊಂಡೇ ಉಳಿದ ವರ್ಷ ದೂಡುತ್ತವೆ. ಮಕ್ಕಳೇ ಅವರ ಮುಖ್ಯ ಅತಿಥಿಗಳು. ಅವರನ್ನು ಕಾಯಿಸಿದರೆ ಅಂಗಡಿ ಮುಚ್ಚಬೇಕಾಗುತ್ತದೆ.

ಹೋದ ದಸರೆಗೆ ಊರಿಗೆ ಹೋಗಿದ್ದೆವು. ರಜೆಗೆ ಅಂತ ತುಮಕೂರಿನ ಒಂದು ಸಭಾಂಗಣದಲ್ಲಿ ಮಕ್ಕಳ ನಾಟಕ ಇದೆ ಅಂತ ಗೊತ್ತಾಯಿತು. ಐದೂವರೆ ಅಂದರೆ ಐದೂವರೆ ಅಂದುಕೊಂಡು ಐದೂಕಾಲಿಗೇ ಹೋದೆವು. ಕುರ್ಚಿ ಜೋಡಿಸುತ್ತಿದ್ದ ಹುಡುಗ ನಮ್ಮನ್ನು ನೋಡಿ, "ಇಷ್ಟ್ ಬೇಗ ಬಂದ್ಬಿಟ್ರಾ ಸಾರ್?" ಅಂದ. ಪಾಪ, ಅವನಿಗೇ ಒಂಥರಾ ಆಗಿತ್ತು. ಆರೂವರೆಗೆ ಮೈಕ್ ಬಂತು. ಏಳಕ್ಕೆ ಅತಿಥಿಗಳು ಬಂದರು. ಗೇಟಿನಿಂದ ವೇದಿಕೆವರೆಗೆ ತಮಟೆಯವರು ಬಡಿದುಕೊಂಡು ಬಂದರು. ಎಂಥಾ ಗತ್ತು, ಎಂಥಾ ಹೆಜ್ಜೆ! ನನ್ನ ಮಗಳು ಕುರ್ಚಿ ಬಿಟ್ಟು ಓಡಿಹೋಗಿ ಅವರ ಮುಂದೆ ನಿಂತಳು. ಅಷ್ಟರಲ್ಲಿ ಯಾರೋ ಕೈಸನ್ನೆ ಮಾಡಿದರು, ತಮಟೆ ನಿಂತಿತು. ಅವರನ್ನು ಹೊರಗೆ ಉಪ್ಪಿಟ್ಟಿಗೆ ಕಳಿಸಿದರು. ಮತ್ತೆ ಒಳಗೆ ಕರೆಯಲೇ ಇಲ್ಲ.

ಆಮೇಲಿನದು ನಿಮಗೆ ಗೊತ್ತೇ ಇದೆ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಶಾಲು, ಪೇಟ, ಹಣ್ಣಿನ ಬುಟ್ಟಿ. ಭಾಷಣ ಮಾಡಿದ ಪ್ರತಿಯೊಬ್ಬರೂ 'ಮಕ್ಕಳು ಕಾಯುತ್ತಿದ್ದಾರೆ, ಹೆಚ್ಚು ಮಾತಾಡೋದಿಲ್ಲ' ಅಂತಲೇ ಶುರು ಮಾಡಿದರು. ಟಿವಿ, ಮೊಬೈಲ್ ಹಾವಳಿಯಲ್ಲಿ ರಂಗಭೂಮಿ ಸೊರಗುತ್ತಿದೆ ಅಂತ ಒಬ್ಬರು ಸುಮಾರು ಹೊತ್ತು ಮರುಗಿದರು. ಅವರ ಎದುರಿಗೇ ಹಿಂದಿನ ಸಾಲುಗಳಲ್ಲಿ ಮಕ್ಕಳು ಅಮ್ಮಂದಿರ ಮೊಬೈಲ್ ಹಿಡಿದು ಕೂತಿದ್ದವು. ನಾಟಕ ಶುರುವಾದಾಗ ಎಂಟು ದಾಟಿತ್ತು. ಅರ್ಧಕ್ಕರ್ಧ ಮಕ್ಕಳು ಮನೆಗೆ ಹೋಗಿದ್ದವು, ನನ್ನ ಮಗಳು ಅವರಮ್ಮನ ತೊಡೆ ಮೇಲೆ ನಿದ್ದೆ ಹೋಗಿದ್ದಳು. ನಾಟಕ ಚೆನ್ನಾಗಿತ್ತು ಕಣ್ರೀ, ನಿಜವಾಗಲೂ ಚೆನ್ನಾಗಿತ್ತು. ನನಗೆ ಸಿಟ್ಟು ಬಂದಿದ್ದೇ ಅದಕ್ಕೆ.

ಇದು ಯಾವ ಜಿಲ್ಲೆ? ಲೈಸಿಯಂ ಕಟ್ಟಿದ್ದು 1897ರಲ್ಲಿ. ಅದಕ್ಕೂ ಮೊದಲೇ, 1884ರಲ್ಲಿ, ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ನಾಟಕ ಕಂಪನಿ ಶುರುವಾಗಿತ್ತು. ಅದೇ ಕಂಪನಿಯ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದರು. ಅವರು ಹೆಸರು ಮಾಡಿದ್ದೇ ಹಾಸ್ಯ ಪಾತ್ರಗಳಿಂದ. ಮುಂದೆ ರಾಜ್‌ಕುಮಾರ್ ಆದ ಹುಡುಗ, ಮುಂದೆ ಬಿ.ವಿ. ಕಾರಂತ ಆದ ಹುಡುಗ, ಇಬ್ಬರೂ ಬಣ್ಣ ಹಚ್ಚಿದ ಕಂಪನಿ ಅದು. ಮನೆ ಮಂದಿಯೆಲ್ಲ ಕೂತು ನೋಡುವ ಆಟ ಹೇಗಿರಬೇಕು ಅಂತ ನಮಗೆ ಶೆಫೀಲ್ಡಿನವರು ಹೇಳಿಕೊಡಬೇಕಾ? ಹಾಗಂತ ಇವರದೇನೂ ಸಲೀಸಾಗಿ ನಡೆದುಕೊಂಡು ಬಂದಿಲ್ಲ. ಲೈಸಿಯಂ 1969ರಲ್ಲಿ ಮುಚ್ಚಿತ್ತು. ನಾಟಕದ ಮನೆಯಲ್ಲಿ ಬಿಂಗೊ ಅನ್ನುವ ಅಂಕಿ ಜೂಜು ಆಡಿಸಿದರು. 1990ರಲ್ಲಿ ದುರಸ್ತಿ ಮಾಡಿ ಮತ್ತೆ ತೆರೆದರು. ಬೇಕು ಅಂದರೆ ಆಗುತ್ತದೆ.

ನಮ್ಮಲ್ಲಿ ಮಕ್ಕಳ ರಂಗಭೂಮಿ ಅಂದರೆ ಬೇಸಿಗೆ ಶಿಬಿರ. ಮಕ್ಕಳು ಆಡುತ್ತಾರೆ, ಅಪ್ಪ ಅಮ್ಮ ಎದ್ದು ನಿಂತು ವಿಡಿಯೊ ಮಾಡುತ್ತಾರೆ. ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಪಳಗಿದ ನಟರು ಬೆವರು ಸುರಿಸಿ ಮಕ್ಕಳಿಗೋಸ್ಕರ ಆಡುವ ನಾಟಕ ಎಷ್ಟಿದೆ? ಮಗು ಸುಮ್ನೆ ಕೂತು ನೋಡಿ, ನಕ್ಕು, ಹೆದರಿ, ಮನೆಗೆ ಹೋಗಬೇಕು. ಅದರ ಕೈಗೆ ಪ್ರಮಾಣಪತ್ರ ಕೊಡುವ ಕೆಲಸ ಇಲ್ಲದ ಒಂದು ಸಂಜೆ.

ಹಾಡಿನ ಕಥೆಯೂ ಇದೇ. ಶೆಫೀಲ್ಡಿನ ಹೊರವಲಯದಲ್ಲಿ ಡಂಗ್‌ವರ್ತ್, ಸ್ಟ್ಯಾನಿಂಗ್ಟನ್, ವೊರಾಲ್ ಅಂತ ಹಳ್ಳಿಗಳಿವೆ. ಅಲ್ಲಿನ ಪಬ್ಬುಗಳಲ್ಲಿ ನವೆಂಬರ್ ನಡುವಿನಿಂದ ಕ್ರಿಸ್‌ಮಸ್ ಮಾರನೇ ದಿನದವರೆಗೆ ಭಾನುವಾರ ಮಧ್ಯಾಹ್ನ ಜನ ಒತ್ತೊತ್ತಾಗಿ ನಿಂತು ಹಳೆಯ ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡುಗಳನ್ನು ಹಾಡುತ್ತಾರೆ. ಒಂದು ಕಾಲದಲ್ಲಿ ಚರ್ಚಿನವರು ಬೇಡವೆಂದು ಬಿಟ್ಟ ಹಾಡುಗಳನ್ನು ಇವರು ಕೈಬಿಡಲಿಲ್ಲ. ಒಂದೇ ಸಾಹಿತ್ಯಕ್ಕೆ ಹಲವು ಧಾಟಿ. ನಮ್ಮ ಧನುರ್ಮಾಸದ ಭಜನೆಯವರು ಕೇಳಿದರೆ ತಾಳ ಹಿಡಿದು ಕೂತುಬಿಡುತ್ತಿದ್ದರು, ಹೆಚ್ಚುಕಮ್ಮಿ ತಿಂಗಳೂ ಅದೇ ಅಲ್ವಾ? ಪಕ್ಕದ ಬಾರ್ನ್ಸ್‌ಲಿಯ ಗಾಯಕಿ ಕೇಟ್ ರಸ್ಬಿ ಇದೇ ಹಾಡುಗಳನ್ನು ಹಿತ್ತಾಳೆ ವಾದ್ಯದವರ ಜೊತೆ ಡಿಸೆಂಬರಿನಲ್ಲಿ ಊರೂರಿಗೆ ಒಯ್ಯುತ್ತಾ ಬಂದಿದ್ದಾರೆ. ಪಬ್ಬಿನ ಹಾಡು ದೊಡ್ಡ ವೇದಿಕೆ ಹತ್ತಿತು. ನಮ್ಮಲ್ಲಿ? ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತು. ತಮಟೆಗೆ ದೆಹಲಿಯಲ್ಲಿ ಗೌರವ, ನಮ್ಮ ಸಭಾಂಗಣದಲ್ಲಿ ಗೇಟಿನಿಂದ ವೇದಿಕೆವರೆಗೆ.

ಇಷ್ಟೆಲ್ಲ ಬರೆದು ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರು ಒಪ್ಪಲಿಲ್ಲ. "ಟಿಕೆಟ್ ಎಷ್ಟಪ್ಪಾ ಅಲ್ಲಿ?" ಅಂದರು. ನಾಲ್ಕು ಜನ ಹೋದರೆ ನೂರು ಪೌಂಡ್ ದಾಟುವುದು ಕಷ್ಟವೇನಲ್ಲ ಅಂತ ಹೇಳಬೇಕಾಯಿತು. ರೂಪಾಯಿಗೆ ಲೆಕ್ಕ ಹಾಕಿ ನಕ್ಕರು.

ಒಪ್ಪಿಕೊಳ್ಳಬೇಕು. ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಆಡುವ ಪೌರಾಣಿಕ ನಾಟಕಕ್ಕೆ ಟಿಕೆಟ್ಟೇ ಇಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಕಲಿಯುತ್ತಾರೆ. ಸೀನರಿ ಬಾಡಿಗೆಗೆ ತರುತ್ತಾರೆ. ಪಾತ್ರ ಹಾಕುವವರೇ ದುಡ್ಡು ಕೊಡುತ್ತಾರೆ, ಕೃಷ್ಣ, ದುರ್ಯೋಧನನಿಗೆ ಜಾಸ್ತಿ. ಅಲ್ಲೂ ನಡುವೆ ಸನ್ಮಾನ ಇದ್ದೇ ಇರುತ್ತೆ, ಹಾರ ತುರಾಯಿ ತಪ್ಪಿದ್ದಲ್ಲ. ಆದರೆ ರಾತ್ರಿಯಿಡೀ ಆಡುವಾಗ ಹೊತ್ತಿನ ಲೆಕ್ಕ ಯಾರಿಗೆ ಬೇಕು? ಮಕ್ಕಳು ರಂಗದ ಮುಂದೆಯೇ ಕಂಬಳಿ ಹೊದ್ದು ಮಲಗುತ್ತವೆ, ಗದಾಯುದ್ಧಕ್ಕೆ ಅಜ್ಜಿ ತಟ್ಟಿ ಎಬ್ಬಿಸುತ್ತಾಳೆ. ನಾನೂ ಹಾಗೇ ನೋಡಿದವನು. ಮುಂಚೆಯೇ ದಿನ ಗೊತ್ತುಮಾಡುವುದು ನಮಗೆ ಬರುವುದಿಲ್ಲ ಅಂತಲೂ ಪೂರ್ತಿ ಹೇಳುವಂತಿಲ್ಲ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರು ನಡೆಸಿಕೊಂಡು ಬಂದ 'ಹುಣ್ಣಿಮೆ ಹಾಡು' ಇದೆಯಲ್ಲ, ಹಾಡು ನಾಟಕ ಎರಡೂ ಇರುತ್ತೆ, ದಿನ ತಿಳಿಯಲು ಕ್ಯಾಲೆಂಡರ್ ನೋಡಿದರೆ ಸಾಕು. ನೀನಾಸಂ ತಿರುಗಾಟದವರೂ 1985ರಿಂದ ನಾಟಕ ಹೊತ್ತು ಊರೂರು ಸುತ್ತುತ್ತಿದ್ದಾರೆ.

ಅದಕ್ಕೇ ನನ್ನ ಜಗಳ ಹಳ್ಳಿಯ ಜೊತೆ ಅಲ್ಲ, ಊರ ನಡುವಿನ ಸಭಾಂಗಣದ ಜೊತೆ. ಅದು ಹಳ್ಳಿಯ ಸಲಿಗೆಯನ್ನೂ ಉಳಿಸಿಕೊಳ್ಳಲಿಲ್ಲ, ಪಟ್ಟಣದ ಶಿಸ್ತನ್ನೂ ಕಲಿಯಲಿಲ್ಲ. ಸನ್ಮಾನ ಬೇಕೇ ಬೇಕು ಅಂದರೆ ನಾಟಕ ಮುಗಿದ ಮೇಲೆ ಇಟ್ಟುಕೊಳ್ಳಲಿ, ಮಕ್ಕಳನ್ನು ಕರೆದುಕೊಂಡು ನಾವು ಮನೆಗೆ ಹೋಗುತ್ತೇವೆ. ಇದನ್ನೂ ಚಿಕ್ಕಪ್ಪನಿಗೆ ಹೇಳಿದೆ.

"ಸಭಾಂಗಣದ್ದು ಬಿಡು" ಅಂದರು. "ನಿಮ್ಮ ಕಡೆ ಆ ಹೆಂಗಸಿನ ಪಾತ್ರ ಇದೆಯಲ್ಲ, ಅದು ಹಾಕ್ಬೇಕು ಅಂದ್ರೆ ಎಷ್ಟು ಕೊಡ್ಬೇಕು?"

ಇಲ್ಲಿ ಪಾತ್ರ ಮಾರುವುದಿಲ್ಲ, ಪಾತ್ರ ಹಾಕುವವನಿಗೇ ಸಂಬಳ ಕೊಡುತ್ತಾರೆ ಅಂದೆ.

"ಹಂಗಾದ್ರೆ ಊರಿನೋರು ಯಾರೂ ಸ್ಟೇಜ್ ಹತ್ತಂಗೇ ಇಲ್ವಾ?" ಅಂತ ಕೇಳಿ, ಈ ಸಲದ ನಾಟಕಕ್ಕೆ ತಾವು ಶಕುನಿ ಹಾಕುತ್ತಿರುವ ವಿಷಯಕ್ಕೆ ಹೋದರು. ನನ್ನಿಂದ ಐದು ಸಾವಿರ ಬೇಕಂತೆ.