ಡಾಕ್ಟರ್ ಓಡಿಸಿದ ಗಾಡಿ

ಒಂದೂವರೆ ಲಕ್ಷ ರೂಪಾಯಿ ಹಿಡಿದು ಸೆಕೆಂಡ್ ಹ್ಯಾಂಡ್ ಕಾರು ಹುಡುಕಲು ಹೊರಟವರಿಗೆ ಮೊದಲು ತಿಳಿಯುವ ಸಂಗತಿಯೆಂದರೆ, ನಮ್ಮ ನಾಡಿನ ಹಳೆಯ ಕಾರುಗಳನ್ನೆಲ್ಲ ವೈದ್ಯರೇ ಓಡಿಸಿದ್ದಾರೆ ಎಂಬುದು. ಮೈಸೂರಿನಲ್ಲಿ ಬ್ರೋಕರುಗಳು ನನಗೆ ತೋರಿಸಿದ ಆಲ್ಟೊ, ವ್ಯಾಗನ್ ಆರ್‌ಗಳಲ್ಲಿ ಒಂದಾದರೂ ಮೇಷ್ಟರದ್ದೋ ಕಂಟ್ರಾಕ್ಟರದ್ದೋ ಆಗಿರಲಿಲ್ಲ. ಎಲ್ಲವೂ ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ ಓಡಾಡಿ, ಭಾನುವಾರ ಕವರ್ ಹೊದ್ದು ಮಲಗಿದ ಸಾಧು ಗಾಡಿಗಳು. ಇಷ್ಟೊಂದು ವೈದ್ಯರಿರುವ ಊರಿನಲ್ಲಿ ಜ್ವರಕ್ಕೆ ಟೋಕನ್ ಹಿಡಿದು ಎರಡು ಗಂಟೆ ಕಾಯಬೇಕಾಗುವುದೇಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನನ್ನ ಜೊತೆ ಬರುತ್ತಿದ್ದವರು ನಮ್ಮ ಬೀದಿಯ ಮೆಕ್ಯಾನಿಕ್. ಯಾವ ಗಾಡಿಯ ಬಳಿ ಹೋದರೂ ಅವರು ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಿದ್ದರು. ಅದು ಬೆಚ್ಚಗಿದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಆಗಲು ಹಟ ಮಾಡುವ ಎಂಜಿನ್ನನ್ನು ನಾವು ಬರುವ ಮುನ್ನವೇ ಯಾರೋ ಓಡಿಸಿ ಹದಕ್ಕೆ ತಂದಿರಬೇಕೆಂಬುದು ಅವರ ಅನುಮಾನ. “ಡಾಕ್ಟ್ರು ಇವತ್ತೂ ಕ್ಲಿನಿಕ್ಕಿಗೆ ಹೋಗ್ಬಂದ್ರಾ?” ಎಂದು ಬಹಳ ವಿನಯದಿಂದ ವಿಚಾರಿಸುತ್ತಿದ್ದರು.

ಬಿಳಿಯ ಆಲ್ಟೊ ಒಂದರ ಮೀಟರು 31,000 ಕಿ.ಮೀ. ತೋರಿಸುತ್ತಿತ್ತು. ಆದರೆ ಅದರ ಕ್ಲಚ್ ಪೆಡಲಿನ ರಬ್ಬರಿನಲ್ಲಿ ಗೆರೆಗಳೆಲ್ಲ ಅಳಿದು, ಒಂದು ಮೂಲೆಯಲ್ಲಿ ಕಬ್ಬಿಣವೇ ಇಣುಕುತ್ತಿತ್ತು. ಸ್ಟೀರಿಂಗು ಅಜ್ಜನ ಕಾಲದ ಊರುಗೋಲಿನ ಹಿಡಿಯಂತೆ ನುಣುಪಾಗಿ ಹೊಳೆಯುತ್ತಿತ್ತು. ‘ಹೊಸ’ ಟೈರುಗಳ ಬದಿಯಲ್ಲಿ 1416 ಎಂದು ಅಚ್ಚಾಗಿತ್ತು, ಅಂದರೆ ಅವು 2016ನೆಯ ಇಸವಿಯ 14ನೆಯ ವಾರದಲ್ಲಿ ತಯಾರಾದವು. ಮೀಟರನ್ನು ಹಿಂದಕ್ಕೆ ತಿರುಗಿಸುವವರು ಪೆಡಲಿಗೆ ಹೊಸ ರಬ್ಬರ್ ಹಾಕಲು ಏಕೆ ಜಿಪುಣತನ ಮಾಡುತ್ತಾರೋ ನಾನರಿಯೆ.

ಬೆಂಗಳೂರಿನಿಂದ ಬಂದ ಇನ್ನೊಂದು ಗಾಡಿ ಒಳಗೆಲ್ಲ ಘಮಘಮಿಸುತ್ತಿತ್ತು. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಕಾರುಗಳು ಮುಳುಗಿದ್ದನ್ನು ಮರೆಯದ ನಮ್ಮ ಮೆಕ್ಯಾನಿಕ್, ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರು. ಸೀಟು ತೊಳೆಯುವವರು ಸುರುಳಿಯೊಳಗಿನ ಪಟ್ಟಿಯನ್ನು ತೊಳೆಯುವುದು ಅಪರೂಪವಾದ್ದರಿಂದ ಅಲ್ಲಿ ಕೆಸರಿನ ಕಂದು ಗೆರೆಯೊಂದು ಹಾಗೆಯೇ ಕುಳಿತಿತ್ತು.

“ಕಾಫಿ ಚೆಲ್ಲಿರ್ಬೇಕು ಸಾರ್,” ಎಂದರು ಬ್ರೋಕರ್.

“ಎಷ್ಟು ಕೊಡ?” ಎಂದರು ಮೆಕ್ಯಾನಿಕ್.

ದೆಹಲಿ ನೋಂದಣಿಯ ಡೀಸೆಲ್ ಕಾರೊಂದು ನಂಬಲಾಗದಷ್ಟು ಅಗ್ಗವಾಗಿತ್ತು. ಅಲ್ಲಿ ಡೀಸೆಲ್ ಕಾರುಗಳಿಗೆ ಹತ್ತು ವರ್ಷದ ಮಿತಿ ವಿಧಿಸಿದ ಮೇಲೆ ಅಂಥವು ದಕ್ಷಿಣಕ್ಕೆ ವಲಸೆ ಬರತೊಡಗಿದ್ದವು. ಇಲ್ಲಿನ ತೆರಿಗೆ ಕಟ್ಟಿ, ಅಲ್ಲಿನ ಆರ್‌ಟಿಒ ಕೊಡಬೇಕಾದ ನಿರಾಕ್ಷೇಪಣಾ ಪತ್ರಕ್ಕಾಗಿ (ಎನ್‌ಒಸಿ) ಅಲೆದು ಮುಗಿಸುವಷ್ಟರಲ್ಲಿ ಅಗ್ಗವೆಂಬುದು ಆವಿಯಾಗಿರುತ್ತದೆ.

ಕೊನೆಗೆ ಒದಗಿದ್ದು ನಿವೃತ್ತ ಗುಮಾಸ್ತರೊಬ್ಬರ 2011ರ ಸ್ಯಾಂಟ್ರೊ. ಎಡ ಬಾಗಿಲು ನೆಗ್ಗಿತ್ತು. ಅದನ್ನು ಕಂಡು ಮೆಕ್ಯಾನಿಕ್‌ಗೆ ಎಲ್ಲಿಲ್ಲದ ಸಂತೋಷ: ಪುಟ್ಟಿ ಬಳಿದು ಮುಚ್ಚುವ ಬುದ್ಧಿ ಇವರಿಗಿಲ್ಲ. ವೈಪರ್ ರಬ್ಬರಿನ ಬಿಲ್ಲನ್ನೂ ಫೈಲಿನಲ್ಲಿಟ್ಟಿದ್ದ ಯಜಮಾನರು, ಚಾಸಿ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡಲು ತಾವೇ ಟಾರ್ಚ್ ಹಿಡಿದರು. ಸಾಲ ತೀರಿಸಿದ ಬ್ಯಾಂಕಿನ ಪತ್ರವನ್ನೂ, ಟ್ರಾಫಿಕ್ ದಂಡ ಬಾಕಿಯಿಲ್ಲವೆಂಬುದನ್ನೂ ತೋರಿಸಿ, ಹಕ್ಕು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿದರು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರಿಂದ 600 ರೂಪಾಯಿಯ ಬದಲು 5,000 ಆಗಿರುವುದನ್ನು ನಾನು ನೆನಪಿಸಿದಾಗ, ಸ್ವಲ್ಪ ಹೊತ್ತು ಗೋಡೆಯ ಕ್ಯಾಲೆಂಡರ್ ನೋಡಿ ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಿದರು.

ಆದರೆ ಡೆಲಿವರಿ ನೋಟ್ ವಿಷಯದಲ್ಲಿ ಅವರು ರಾಜಿಯಾಗಲಿಲ್ಲ. ಮುಂದೆ ನಾನು ಸಿಗ್ನಲ್ ಹಾರಿದರೆ ದಂಡದ ನೋಟಿಸು ಅವರ ಮನೆಗೆ ಬರಬಾರದಲ್ಲ, ಹಾಗಾಗಿ ಗಾಡಿ ಕೈಬದಲಾದ ದಿನಾಂಕ ಮಾತ್ರವಲ್ಲ, ಸಮಯವೂ ಇರಬೇಕು. ಭಾನುವಾರ ಸಂಜೆ ಐದೂಕಾಲಿಗೆ ಹಣ ಎಣಿಸಿಕೊಂಡವರು ಪೆನ್ನು ಎತ್ತಿ, ರಾಹುಕಾಲ ಆರರವರೆಗಿದೆಯೆಂದು ನೆನಪಾಗಿ, 6.01 ಎಂದು ಬರೆದು, ಬೀಗದ ಕೈಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡರು. ಕಾಫಿ ಬಂತು. ಗೇಟಿನಾಚೆ ಆಡುತ್ತಿದ್ದ ಹುಡುಗರ ಕ್ರಿಕೆಟ್ ಚೆಂಡು ಹಾರಿಬಂದು ಬಾನೆಟ್‌ಗೆ ಧಡಾರನೆ ಬಡಿಯಿತು. ಬಯ್ಯುವ ಹಕ್ಕು ಆ ಗಳಿಗೆಯಲ್ಲಿ ಯಾರಿಗೆ ಸೇರಿದ್ದೆಂದು ತಿಳಿಯದೆ ನಾವಿಬ್ಬರೂ ಪರಸ್ಪರ ಮುಖ ನೋಡಿಕೊಂಡೆವು. ಹುಡುಗರು ನಿಧಾನವಾಗಿ ಬಂದು ಚೆಂಡು ಎತ್ತಿಕೊಂಡು ಹೋದರು.