ಶಿವಣ್ ಕ್ಲಾಸಿನ ಕತ್ತರಿ

ಹೊಲಿಗೆ ಕಲಿಯಲು ಬರುವ ಹೆಂಗಸರಿಗೆ ಮಿಷನ್ನಿನ ಭಯವಿರುತ್ತದೆ ಎಂಬುದು ಹೊಲಿಗೆ ಬಾರದವರ ಊಹೆ. ಪುಣೆಯಿಂದ ಸೋಲಾಪುರದ ಕಡೆಗೆ ಹೋಗುವ ದಾರಿಯಲ್ಲಿ, ದೌಂಡ್ ತಾಲ್ಲೂಕಿನ ಕಬ್ಬಿನ ಊರೊಂದರಲ್ಲಿ, ಬಚತ್ ಗಟದವರು, ಅಂದರೆ ಹೆಂಗಸರ ಉಳಿತಾಯ ಗುಂಪಿನವರು, ಮಧ್ಯಾಹ್ನದ ಬಿಡುವಿನಲ್ಲಿ ನಡೆಸುವ ಶಿವಣ್ ಕ್ಲಾಸಿನಲ್ಲಿ (ಮರಾಠಿಯಲ್ಲಿ ಶಿವಣ್ ಎಂದರೆ ಹೊಲಿಗೆ) ಕುಳಿತು ನೋಡಿದ ಮೇಲೆ, ಅಲ್ಲಿ ಎಲ್ಲರೂ ಅಂಜುವುದು ಕತ್ತರಿಗೆ ಎಂಬುದು ನನಗೆ ಖಚಿತವಾಯಿತು. ಹೊಲಿಗೆ ಸೊಟ್ಟಗಾದರೆ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿ ಸೊಟ್ಟಗಾದರೆ ಬಟ್ಟೆ ಹೋಯಿತೆಂದೇ ಲೆಕ್ಕ. ಹರಿದ ಸೀರೆಯನ್ನು ಕೌದಿಗೆ, ಕೌದಿ ಹರಿದರೆ ಕಾಲೊರಸಿಗೆ ಎಂದು ಅರಿವೆಯನ್ನು ಕೊನೆಯ ಎಳೆಯವರೆಗೂ ಬಾಳಿಸಿದ ಕೈಗಳಿಗೆ, ಹೊಚ್ಚ ಹೊಸ ಬಟ್ಟೆಯ ನಟ್ಟನಡುವೆ ಕತ್ತರಿ ಇಡಲು ಹೇಳುವುದು ಕುಲಾಚಾರ ಮುರಿಯಲು ಹೇಳಿದಂತೆಯೇ ಸರಿ.

ಆದ್ದರಿಂದ ಕತ್ತರಿ ಕೈಗೆ ಬರುವುದು ತಡವಾಗಿ. ಮೊದಲು ಮಿಷನ್ನಿಗೆ ದಾರವನ್ನೇ ಪೋಣಿಸುವುದಿಲ್ಲ. ಮಕ್ಕಳ ನೋಟುಬುಕ್ಕಿನಿಂದ ಗೆರೆ ಹಾಕಿದ ಹಾಳೆಯೊಂದನ್ನು ಹರಿದು ಸೂಜಿಯ ಕೆಳಗಿಟ್ಟು, ಗೆರೆಯ ಮೇಲೆಯೇ ತೂತು ಬೀಳುವಂತೆ ತುಳಿಯಬೇಕು. ಹಾಳೆಯನ್ನು ಬೆಳಕಿಗೆ ಹಿಡಿದರೆ ಯಾರ ಕಾಲು ಎಲ್ಲಿ ತಪ್ಪಿತೆಂಬುದು ಸಾಲುಸಾಲಾಗಿ ಕಾಣುತ್ತದೆ. ತುಳಿತದ ಲಯ ತಪ್ಪಿದರೆ ಗಾಲಿ ಹಿಂದಕ್ಕೆ ತಿರುಗುತ್ತದೆ. ದಾರವಿದ್ದ ದಿನ ಹಾಗಾದರೆ ಅದು ಕೂಡಲೇ ತುಂಡಾಗುತ್ತದೆ. ಕಲಿಸುವ ‘ಬಾಯಿ’, ಅಂದರೆ ಟೀಚರಮ್ಮ, ಇದನ್ನೆಲ್ಲ ಮರಾಠಿಯಲ್ಲಿ ಒಮ್ಮೆ ಹೇಳಿ ಮುಂದಕ್ಕೆ ಹೋಗುತ್ತಾರೆ. ಕರ್ನಾಟಕದ ಇಂಡಿ, ಅಫಜಲಪುರದ ಕಡೆಯಿಂದ ದುಡಿಯಲು ಬಂದು ಇಲ್ಲಿಯೇ ನೆಲೆಸಿದ ಮನೆಗಳ ಹೆಂಗಸರಿಗೆ ಅದು ದಾಟುವುದು ಪಕ್ಕದವಳ ಬಾಯಿಂದ: "ಯಕ್ಕಾ, ಗಾಲಿ ನಿನ್ನ ಕಡೀಗೆ ತಿರಗಬೇಕು, ಮೊದಲ ಕೈಲೆ ಒಂದೀಟು ದೂಡು."

ಮಿಷನ್ನುಗಳು ಕಡಿಮೆ, ಕಲಿಯುವವರು ಹೆಚ್ಚು ಎಂದು ಇಂಥ ಕಡೆ ಎಲ್ಲರೂ ದೂರುತ್ತಾರೆ. ನನಗೆ ಆ ಕೊರತೆಯೇ ಒಳ್ಳೆಯದೆಂದು ಕಂಡಿತು. ತುಳಿಯುವವಳಿಗೆ ತನ್ನ ತಪ್ಪು ಕಾಣುವುದಿಲ್ಲ; ಸರದಿ ಕಾಯುತ್ತ ಪಕ್ಕದಲ್ಲಿ ನಿಂತವಳಿಗೆ ಅದರ ಹೊರತು ಬೇರೇನೂ ಕಾಣುವುದಿಲ್ಲ. ಬಾಬಿನ್ನಿನ ದಾರ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂಬುದನ್ನು ಬಟ್ಟೆ ಮಗುಚಿ ಹಿಂಬದಿಯ ಹೊಲಿಗೆ ನೋಡಿ ಹೇಳುವ ಜಾಣ್ಮೆ ಮೊದಲು ಬಂದದ್ದು ಹೀಗೆ ಕಾಯುತ್ತ ನಿಂತವರಿಗೆ.

ಕೊನೆಗೆ ಕತ್ತರಿಯ ಪಾಠ ಶುರುವಾಗುವುದು ಹಳೆಯ ದಿನಪತ್ರಿಕೆಯ ಮೇಲೆ. ಮುಂಭಾಗ, ಬೆನ್ನು, ತೋಳು, ಪಟ್ಟಿ ಎಂದು ಇಡೀ ಕುಪ್ಪಸ ಮೊದಲು ಕಾಗದದಲ್ಲಿ ಆಗಬೇಕು. ಎದೆಸುತ್ತಿನ ನಾಲ್ಕನೆಯ ಒಂದು ಪಾಲಿಗೆ ಹೊಲಿಗೆಯ ಅಂಚು ಕೂಡಿಸಿ ಗುರುತು ಹಾಕು ಎಂದಾಗ, ಶಾಲೆ ಕಲಿತ ಹುಡುಗಿಯರು ಮೂವತ್ನಾಲ್ಕನ್ನು ನಾಲ್ಕರಿಂದ ಭಾಗಿಸುತ್ತ ಬೆರಳು ಮಡಿಸುತ್ತಾರೆ. ಅಕ್ಷರ ಬಾರದ ಹಿರಿಯಳೊಬ್ಬಳು ಟೇಪನ್ನು ಅಳತೆಯಲ್ಲಿ ಹಿಡಿದು, ಎರಡು ಸಲ ಮಡಿಸಿ, ಹಾಗೆಯೇ ಕಾಗದದ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಹುಡುಗಿಯರಿಗೆ ಎಂಟೂವರೆ ಎಂಬ ಉತ್ತರ ಬಂದದ್ದು ಆಮೇಲೆ. ಪಕ್ಕದ ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ಹೆಂಗಸರು ಬ್ಯಾಂಕು ತೆರೆಯಲು ಹೊರಟಾಗ, ಓದುಬರಹವಿಲ್ಲದ ಪ್ರವರ್ತಕರಿದ್ದಾರೆಂದು ರಿಸರ್ವ್ ಬ್ಯಾಂಕು ಅರ್ಜಿಯನ್ನು ತಿರಸ್ಕರಿಸಿತ್ತು. ಅವರು ಮತ್ತೆ ಹೋಗಿ, ಬಡ್ಡಿಯ ಲೆಕ್ಕ ಕೊಡಿ, ನಿಮ್ಮ ಅಧಿಕಾರಿಗಳಿಗಿಂತ ಬೇಗ ಬಾಯಲ್ಲೇ ಹೇಳುತ್ತೇವೆ ಎಂದರಂತೆ. 1997ರಲ್ಲಿ ಮಾಣದೇಶಿ ಮಹಿಳಾ ಸಹಕಾರಿ ಬ್ಯಾಂಕು ಆರಂಭವಾಯಿತು. ಟೇಪು ಮಡಿಸಿದ ಆ ಕೈಯನ್ನು ನೋಡಿದವರಿಗೆ ಇದರಲ್ಲಿ ಅತಿಶಯೋಕ್ತಿ ಕಾಣುವುದಿಲ್ಲ.

ಈ ತಾಲ್ಲೂಕಿಗೆ ಇಂಥ ಪಾಠಗಳು ಹೊಸತೇನೂ ಅಲ್ಲ. ಪಂಡಿತಾ ರಮಾಬಾಯಿಯವರು ದಿಕ್ಕಿಲ್ಲದ ಹೆಂಗಸರಿಗಾಗಿ ಕಟ್ಟಿದ ಆಶ್ರಯಧಾಮ ಮುಕ್ತಿ ಸದನ ಇರುವುದು ಇಲ್ಲಿಯ ಕೇಡಗಾವದಲ್ಲಿಯೇ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಈ ಹೆಣ್ಣುಮಗಳು, ಹತ್ತೊಂಬತ್ತನೆಯ ಶತಮಾನದ ಕೊನೆಯ ಬರಗಾಲಗಳಲ್ಲಿ ದಿಕ್ಕು ತಪ್ಪಿದ ಹೆಂಗಸರನ್ನು ಕರೆತಂದು ನೇಯ್ಗೆ, ಹೊಲಿಗೆ, ಹೈನುಗಾರಿಕೆಗಳ ಜೊತೆಗೆ ಅಚ್ಚುಮೊಳೆ ಜೋಡಿಸುವುದನ್ನೂ ಕಲಿಸಿದರು. ಅವರ ಮರಾಠಿ ಬೈಬಲ್ಲು ಅಚ್ಚಾದದ್ದು ಆ ಕೈಗಳಿಂದ. ಹೆಂಗಸರ ಕಸುಬೆಂದರೆ ಹಪ್ಪಳ, ಉಪ್ಪಿನಕಾಯಿ, ಕಸೂತಿ ಎಂದು ಇಂದಿಗೂ ಪಟ್ಟಿ ಮಾಡುವವರು ಕೇಡಗಾವದ ಆ ಮುದ್ರಣಾಲಯವನ್ನು ಒಮ್ಮೆ ನೆನೆಯಬೇಕು.

ಕಾಗದ ಮುಗಿದ ಮೇಲೆ ಬಟ್ಟೆ. ಕನ್ನಡದ ಹೆಂಗಸರು ಹಟ ಹಿಡಿದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣವನ್ನೇ, ಅಂದರೆ ಕುಪ್ಪಸಕ್ಕೆಂದೇ ನೇಯ್ದ ಬಟ್ಟೆಯನ್ನೇ, ತರಿಸಿದ್ದರು. ಮರಾಠಿಯವರಿಗೂ ಖಣವೆಂದರೆ ಪ್ರಾಣ, ಆ ವಿಷಯದಲ್ಲಿ ಭಾಷಾವಾದವಿಲ್ಲ. ಆದರೆ ಮೊದಲ ಕತ್ತರಿಗೆ ಖಣ ಕಠಿಣ. ಅದರ ಎರಡೂ ಬದಿಗೆ ಅಂಚಿರುತ್ತದೆ, ಆ ಅಂಚು ತೋಳಿನ ಕೊನೆಗೂ ಕುಪ್ಪಸದ ಕೆಳಗೂ ಬರಬೇಕು, ನೇಯ್ದ ಬುಟ್ಟಾ ಚಿತ್ತಾರ ತಲೆಕೆಳಗಾಗಬಾರದು. ಕಾಗದದ ತುಂಡುಗಳನ್ನು ಖಣದ ಮೇಲೆ ಹೇಗೆ ಹೇಗೋ ತಿರುಗಿಸಿ ಇಟ್ಟರೂ ಒಂದು ತೋಳು ಹೊರಗುಳಿಯುತ್ತಿತ್ತು. "ಕತ್ತರಿ ನೀ ಹಿಡಿ, ನಾ ಬರೇ ಅರಿವಿ ಹಿಡೀತೀನಿ" ಎಂದು ಒಬ್ಬಳು ಇನ್ನೊಬ್ಬಳಿಗೆ ದಾಟಿಸಿ, ಅವಳು ಮತ್ತೊಬ್ಬಳಿಗೆ ದಾಟಿಸಿ, ಕೊನೆಗೆ ನಾಲ್ವರು ನಾಲ್ಕು ಮೂಲೆ ಹಿಡಿದ ಮೇಲೆ ಟೇಪು ಮಡಿಸಿದ ಹಿರಿಯಳೇ ಕತ್ತರಿ ಆಡಿಸಿದಳು. ಬಟ್ಟೆ ಕೆಟ್ಟರೆ ಯಾರೊಬ್ಬರ ಹೆಸರೂ ಹೇಳಲಾಗದ ಏರ್ಪಾಡು ಅದು.

ಕುಪ್ಪಸ ಹೊಲಿಯಲು ಬಂದ ಮೇಲೆ ಹೊಸದೊಂದು ತೊಡಕು ಎದುರಾಯಿತು. ನಾದಿನಿಯ ಕುಪ್ಪಸಕ್ಕೆ ಕೂಲಿ ಕೇಳುವುದು ಹೇಗೆ ಎಂಬ ಪಾಠ ಯಾವ ಶಿವಣ್ ಕ್ಲಾಸಿನಲ್ಲಿಯೂ ಇಲ್ಲ. ಗಟದವರು ಕೂಡಿ ಕುಳಿತು ಸಾದಾ ಕುಪ್ಪಸಕ್ಕೆ ಇಷ್ಟು, ಅಸ್ತರಿನದಕ್ಕೆ ಇಷ್ಟು, ಎದೆಭಾಗವನ್ನು ಬಟ್ಟಲಿನಂತೆ ಕತ್ತರಿಸಿ ಹೊಲಿಯುವ ಕಟೋರಿಗೆ ಇಷ್ಟು, ಸೀರೆಗೆ ಫಾಲು ಹಚ್ಚಲು ಇಷ್ಟು ಎಂದು ದರ ಬರೆದು ಗೋಡೆಗೆ ಅಂಟಿಸಿದರು. ಈಗ ನಾದಿನಿ ಬಂದರೆ, "ದರ ನಂದಲ್ಲವ್ವಾ, ಗಟದ್ದು" ಎಂದು ಗೋಡೆ ತೋರಿಸಿದರಾಯಿತು. ಒಬ್ಬಳ ನಾದಿನಿ ಇದನ್ನು ಕೇಳಿಸಿಕೊಂಡು, ಮರುತಿಂಗಳೇ ತಾನೂ ಉಳಿತಾಯದ ಹಣ ಕಟ್ಟಿ ಗಟಕ್ಕೆ ಸೇರಿ, ಸದಸ್ಯರಿಗೆ ರಿಯಾಯಿತಿ ಏಕಿಲ್ಲ ಎಂದು ಕೇಳಿದ್ದಾಳೆ. ಆ ವಿಷಯ ಮುಂದಿನ ಸಭೆಗೆ ಹೋಗಿದೆ.