ಕಾಫಿ ಕುಡಿದರೆ ಡೋಪಮಿನ್ ಉಕ್ಕುತ್ತದೆಯೇ? ಸತ್ಯಾಂಶ ಇಲ್ಲಿದೆ

‘ಒಂದು ಲೋಟ ಕಾಫಿ ಸಾಕು, ಮಿದುಳಿನಲ್ಲಿ ಸಂತೋಷದ ರಾಸಾಯನಿಕ ಡೋಪಮಿನ್ ಉಕ್ಕಿ ಹರಿಯುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಕಾಫಿಗೂ ಡೋಪಮಿನ್‌ಗೂ ನಂಟಿರುವುದು ನಿಜ, ಆದರೆ ದಾರಿ ಬೇರೆ.

ನಾವು ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ತೂಕಡಿಕೆ ತರುವುದರಲ್ಲಿ ಅದರ ಪಾಲೂ ಇದೆ. ಕಾಫಿಯಲ್ಲಿರುವ ಕೆಫೀನ್‌ನ ರಚನೆ ಅಡಿನೋಸಿನ್‌ಗೆ ಹತ್ತಿರವಾದ್ದರಿಂದ, ಅಡಿನೋಸಿನ್ ಬಂದು ಅಂಟಿಕೊಳ್ಳಬೇಕಾದ ನರಕೋಶದ ಗ್ರಾಹಕಗಳಲ್ಲಿ (ರಿಸೆಪ್ಟರ್) ಕೆಫೀನ್ ಹೋಗಿ ಕೂರುತ್ತದೆ, ಆದರೆ ಅವನ್ನು ಚಾಲೂ ಮಾಡುವುದಿಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿಟ್ಟ ಹಾಗೆ.

ಸ್ವಾರಸ್ಯ ಇರುವುದು ಮುಂದೆ. ಮಿದುಳಿನ ಆಳದಲ್ಲಿರುವ ಸ್ಟ್ರಯಾಟಮ್ ಎಂಬ ಭಾಗದ ಅನೇಕ ನರಕೋಶಗಳಲ್ಲಿ ಅಡಿನೋಸಿನ್‌ನ ಎ2ಎ ಗ್ರಾಹಕ, ಡೋಪಮಿನ್‌ನ ಡಿ2 ಗ್ರಾಹಕ ಎರಡೂ ಒಂದೇ ಪೊರೆಯ ಮೇಲಿವೆ. ಕೋಶದೊಳಗಿನ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಮೊದಲನೆಯದು ಏರಿಸಿದರೆ ಎರಡನೆಯದು ಇಳಿಸುತ್ತದೆ. ಅಷ್ಟೇ ಅಲ್ಲ, ಎ2ಎ ಚುರುಕಾದಾಗ ಡೋಪಮಿನ್ ಮೇಲೆ ಡಿ2 ಹಿಡಿತವೇ ಸಡಿಲವಾಗುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಕೆಫೀನ್ ಎ2ಎಯನ್ನು ತಡೆದರೆ, ಇರುವಷ್ಟೇ ಡೋಪಮಿನ್‌ನ ಮಾತು ಹೆಚ್ಚು ನಡೆಯುತ್ತದೆ. ಪ್ರವಾಹ ಬರಬೇಕಿಲ್ಲ.

ಅಂದಹಾಗೆ, ‘ಸಂತೋಷದ ರಾಸಾಯನಿಕ’ ಎನ್ನುವುದೂ ಅರ್ಧಸತ್ಯ. ಕೈಕಾಲಿನ ಚಲನೆಗೂ ಡೋಪಮಿನ್ ಬೇಕು. ಎ2ಎಯನ್ನು ತಡೆಯುವ ಇಸ್ಟ್ರಾಡೆಫಿಲಿನ್ ಮಾತ್ರೆಗೆ, ಡೋಪಮಿನ್ ಕೊರತೆಯಿಂದ ಚಲನೆ ಕುಂದುವ ಪಾರ್ಕಿನ್ಸನ್ ರೋಗಿಗಳಿಗೆ, ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಔಷಧದ ಜೊತೆ ಕೊಡಲೆಂದು, ಜಪಾನ್ 2013ರಲ್ಲಿ, ಅಮೆರಿಕ 2019ರಲ್ಲಿ ಅನುಮತಿ ನೀಡಿದವು.